ಬಿದಿಗೆ ಚಂದ್ರನ ಬೆಳಕನ್ನು ಬೆಳದಿಂಗಳು ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ. ಜರ್ಮನ್ ರಮ್ಯಪಂಥದ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ (1774–1840) ಕುರಿತು ಲೇಖನವೊಂದನ್ನು ಬರೆಯುತ್ತಿದ್ದು, ‘ಬೆಳದಿಂಗಳು’ ಎಂಬ ಪದದ ಬಳಿ ಬಂದು ನಿಂತಿದ್ದೇನೆ.

ಡ್ರೆಸ್ಡನ್ನಿನಲ್ಲಿರುವ, 1819–20ರ ಅವನ ಚಿತ್ರದಲ್ಲಿ ಇಬ್ಬರು ಗಂಡಸರು ನಮಗೆ ಬೆನ್ನು ಹಾಕಿ ಚಂದ್ರನನ್ನು ನೋಡುತ್ತಿದ್ದಾರೆ. ಬದಿಯಲ್ಲಿ ಬೇರು ಕಿತ್ತು ವಾಲಿದ ಓಕ್ ಮರವಿದೆ, ಚಂದ್ರನ ಸಮೀಪದಲ್ಲೇ ಶುಕ್ರನಿದ್ದಾನೆ. ಚಂದ್ರನಾದರೋ ಬಿದಿಗೆ ತದಿಗೆಯ ಸಣ್ಣ ಗೆರೆ. ಭೂಮಿಯಿಂದ ಪ್ರತಿಫಲಿಸಿದ ಬಿಸಿಲು ಬಿದ್ದು ಉಳಿದ ಬಿಂಬವೂ ಮಸುಕಾಗಿ ಕಾಣುತ್ತದೆ. ಮುಚ್ಚಂಜೆಯ ಆ ಕಂದು ಬಣ್ಣದಲ್ಲಿ ಬಿಳುಪೆನ್ನುವುದು ಇಲ್ಲವೇ ಇಲ್ಲವೆನ್ನಬೇಕು.

‘ಬೆಳ್’ ಮತ್ತು ‘ತಿಂಗಳ್’ ಸೇರಿ ಆದ ನಮ್ಮ ಪದದಲ್ಲಿ ಬಿಳುಪು ಮೊದಲೇ ಕೂತಿದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದರ ಜೊತೆಗೆ ಬರುವ ಕ್ರಿಯಾಪದಗಳು: ಬೆಳದಿಂಗಳು ಚೆಲ್ಲುತ್ತದೆ, ಹರಡುತ್ತದೆ, ಸುರಿಯುತ್ತದೆ, ಅಂಗಳದಲ್ಲಿ ಕೂತು ಉಣ್ಣುವಷ್ಟು ಧಾರಾಳವಾಗಿರುತ್ತದೆ. ಫ್ರೀಡ್ರಿಕ್‌ನ ಚಂದ್ರ ಏನನ್ನೂ ಚೆಲ್ಲುವುದಿಲ್ಲ. ಅವನ ಬೆಳಕಿನಲ್ಲಿ ಲೋಕವನ್ನು ನೋಡುವುದಲ್ಲ, ಕತ್ತಲಲ್ಲಿ ನಿಂತು ಅವನನ್ನೇ ನೋಡುವುದು ಅಲ್ಲಿಯ ಕೆಲಸ. ಒಣಗುತ್ತಿರುವ ಓಕ್‌ನ ಎದುರು ಬೆಳೆಯುತ್ತಿರುವ ಈ ಚಂದ್ರನನ್ನು ಕ್ರಿಸ್ತನ ಭರವಸೆಯ ಸಂಕೇತವೆಂದು ಓದುವ ವಿಮರ್ಶಕರೂ ಇದ್ದಾರೆ. ಫ್ರೀಡ್ರಿಕ್‌ನ ಗೆಳೆಯ, ಚಿತ್ರಕಾರ ಯೋಹಾನ್ ಕ್ರಿಸ್ಟಿಯನ್ ಡಾಲ್ 1839ರಲ್ಲಿ ಬರೆದ, ಎಲ್ಬೆ ನದಿಯ ಮೇಲೆ ಹುಣ್ಣಿಮೆ ಮಿನುಗುವ ಡ್ರೆಸ್ಡನ್ ನೋಟಕ್ಕೆ ‘ಬೆಳದಿಂಗಳು’ ಎಂದರೆ ಯಾರ ತಕರಾರೂ ಇರಲಾರದು.

ಚಂದ್ರಿಕೆ, ಕೌಮುದಿ, ಜ್ಯೋತ್ಸ್ನೆ ಇವು ಬೇಡ. ಅವುಗಳ ಹಿಂದೆಯೇ ಚಕೋರ, ನೈದಿಲೆ, ವಿರಹಿಗಳೆಲ್ಲ ಬಂದುಬಿಡುತ್ತಾರೆ. ‘ಎಳಬೆಳದಿಂಗಳು’ ಎಂದು ಬರೆದು ನೋಡಿದೆ. ಕಿವಿಗೆ ಹಿತವಾಗಿದೆ, ಆದರೆ ಅಷ್ಟು ಮುದ್ದು ಆ ಚಿತ್ರಕ್ಕೆ ಹೊಂದದು. ಗೆರೆಚಂದ್ರನಿಗೆ ಹಳಗನ್ನಡದ ‘ಪೆರೆ’ ಇದೆಯಾದರೂ ಅದು ಚಂದ್ರನ ಹೆಸರೇ ಹೊರತು ಬೆಳಕಿನದಲ್ಲ. ಸದ್ಯಕ್ಕೆ ‘ಬಿದಿಗೆ ಚಂದ್ರನ ನಸುಬೆಳಕು’ ಎಂದಿಟ್ಟುಕೊಂಡಿದ್ದೇನೆ, ಉದ್ದವಾಯಿತು.

ಹೀಗಾಗಿ ಎರಡು ಪ್ರಶ್ನೆಗಳು. ನಿಮ್ಮ ಊರುಗಳ ಆಡುಮಾತಿನಲ್ಲಿ ಬಿದಿಗೆ ತದಿಗೆಯ ಮಂದ ಬೆಳಕಿಗೆ ಬೇರೆಯದೇ ಪದವಿದೆಯೇ? ಚಂದ್ರನ ಕಪ್ಪುಭಾಗದ ಮೇಲೆ ಬೀಳುವ ಭೂಮಿಯ ಬೆಳಕನ್ನು ‘ಎರವಲು ಬೆಳಕು’ ಎಂದು ಕರೆದರೆ, ಚಂದ್ರನ ಬೆಳಕೆಲ್ಲವೂ ಎರವಲೇ ಆಗಿರುವಾಗ, ಓದುಗರಿಗೆ ಗೊಂದಲವಾದೀತೇ?