ಬಿಗಿ ಹೆಣಿಗೆಯ ಹಗ್ಗಕ್ಕೆ ಸ್ಪ್ಲೈಸ್: ಕೊನೆಯ ನಾಲ್ಕು ಇಂಚು ಒಳಗೆ ಹೋಗುತ್ತಿಲ್ಲ

ಪ್ರಶ್ನೆ:
ಸೌತಾಂಪ್ಟನ್‌ನಲ್ಲಿ ಗೆಳೆಯರೆಲ್ಲ ಸೇರಿ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದೇವೆ. ಹಾಯಿ ಏರಿಸುವ ಹಗ್ಗ ಹೊಸದು, 10 ಮಿ.ಮೀ. ಪಾಲಿಯೆಸ್ಟರ್ ಡಬಲ್ ಬ್ರೇಡ್ (ಒಳಗೆ ಹೆಣೆದ ತಿರುಳು, ಅಂದರೆ ಕೋರ್; ಅದರ ಮೇಲೆ ಹೆಣೆದ ಹೊದಿಕೆ, ಅಂದರೆ ಕವರ್). ತುದಿಗೆ ಕುಣಿಕೆ ಸ್ಪ್ಲೈಸ್ ಮಾಡುತ್ತಿದ್ದೇನೆ, ಅಂದರೆ ಗಂಟು ಹಾಕದೆ ಹಗ್ಗದ ತುದಿಯನ್ನು ಹಗ್ಗದೊಳಗೇ ತೂರಿಸಿ ಕುಣಿಕೆ ಮಾಡುವುದು. ಕೊನೆಗೆ ಕವರ್ ಎಳೆದು ಮುಚ್ಚುವಾಗ ನಾಲ್ಕು ಇಂಚು ಬಾಕಿ ಇರುವಂತೆಯೇ ಕಚ್ಚಿಕೊಳ್ಳುತ್ತದೆ. ಮೂರು ಸಲ ಬಿಚ್ಚಿದ್ದಾಯಿತು. ಮಾಡಿದವರು ಯಾರಾದರೂ ಇದ್ದೀರಾ?

ಉತ್ತರ 1:
ನನಗೂ ಮೊದಲ ಸಲ ಹೀಗೇ ಆಗಿತ್ತು. ಬಲ ಸಾಲದು ಅಂದುಕೊಂಡು ಇಕ್ಕಳ ಹಾಕಿ ಎಳೆದೆ. ಕವರಿನ ಎಳೆಗಳೇ ಕಿತ್ತು ಬಂದವು! ತೊಂದರೆ ಕೈಬಲದ್ದಲ್ಲ, ಜಾಗದ್ದು. ಕುಣಿಕೆಯ ಕುತ್ತಿಗೆಯಲ್ಲಿ ಏನೇನಿದೆ ಎಣಿಸಿ ನೋಡಿ. ಹಗ್ಗದ ಕವರ್, ಕೋರ್, ಆ ಕೋರಿನೊಳಗೆ ತೂರಿಸಿದ ಕವರಿನ ಬಾಲ, ಸಾಲದ್ದಕ್ಕೆ ಕೋರಿನ ಬಾಲದ ತುದಿ. ಎರಡಿದ್ದ ಕಡೆ ನಾಲ್ಕು.

ಅದಕ್ಕೇ ಬಾಲಗಳನ್ನು ಒಂದೇ ಏಟಿಗೆ ಕತ್ತರಿಸಬೇಡಿ. ಎಳೆಗಳನ್ನು ಜೋಡಿ ಜೋಡಿಯಾಗಿ, ಸ್ವಲ್ಪ ಸ್ವಲ್ಪ ದೂರ ಬಿಟ್ಟು ತೆಗೆಯುತ್ತಾ ಹೋಗಿ. ಇಲಿಬಾಲದ ಹಾಗೆ ಸಣ್ಣಗಾಗಬೇಕು. ಆಗ ತೂರಿಸುವುದು ಲಂಗಕ್ಕೆ ಲಾಡಿ ಏರಿಸಿದಷ್ಟೇ ಸಲೀಸು.

ಇನ್ನೊಂದು, ಶುರುವಿನಲ್ಲಿ ಹಾಕುವ ಜಾರುಗಂಟು. ಫಿಡ್ ಅಂದರೆ ಹಗ್ಗ ತೂರಿಸುವ ದಬ್ಬಳದಂಥ ಸಾಧನ, ಅಳತೆಗೂ ಅದೇ. ಒಂದು ಫಿಡ್ ಉದ್ದ ಎಂದರೆ ಹಗ್ಗದ ದಪ್ಪದ 21 ಪಟ್ಟು. ನಿಮ್ಮ ಹಗ್ಗಕ್ಕೆ 21 ಸೆಂ.ಮೀ. ಗಂಟು ಕೋರ್ ಹೊರತೆಗೆಯುವ ಜಾಗದಿಂದ ಐದು ಫಿಡ್ ದೂರ ಇರಬೇಕು, ಅಂದರೆ ಒಂದು ಮೀಟರಿಗೂ ಸ್ವಲ್ಪ ಜಾಸ್ತಿ. ಹತ್ತಿರ ಹಾಕಿದರೆ ಎಳೆದುಕೊಳ್ಳಲು ಕವರೇ ಉಳಿಯುವುದಿಲ್ಲ.

ಆಮೇಲೆ ಹಗ್ಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಗಂಟನ್ನು ಗಟ್ಟಿಯಾದ ಕಂಬಕ್ಕೆ ಸಿಕ್ಕಿಸಿ. ಗಂಟಿನ ಕಡೆಯಿಂದ ಕುಣಿಕೆಯ ಕಡೆಗೆ, ಮಡಚಿದ ಅಂಗಿಯ ತೋಳು ಇಳಿಸಿದ ಹಾಗೆ ಎರಡೂ ಕೈಯಲ್ಲಿ ಸವರುತ್ತಾ ಬನ್ನಿ. ಕಚ್ಚಿಕೊಂಡರೆ ಎಳೆಯಬೇಡಿ. ಕುತ್ತಿಗೆಯನ್ನು ಹಿಂದೆ ಮುಂದೆ ಬಗ್ಗಿಸಿ, ಬೆರಳಿನಲ್ಲಿ ಹೊರಳಿಸಿ. ಕವರ್ ಒಮ್ಮೆಗೇ ಸರ್ರನೆ ಜಾರುತ್ತದೆ. ಆ ಕ್ಷಣಕ್ಕಾಗಿಯೇ ನಾನು ಈ ಕೆಲಸ ಮಾಡೋದು ಅಂತ ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಉತ್ತರ 2:
ನಾವು ಮಲ್ಪೆ ಕಡೆಯವರು. ಮೂರೆಳೆ ಹಗ್ಗವನ್ನು ಬೋಟಿನವರು ಮಾತಾಡುತ್ತಲೇ ಸ್ಪ್ಲೈಸ್ ಮಾಡಿಬಿಡುತ್ತಾರೆ. ಆ ಧೈರ್ಯದಲ್ಲಿ ಡಬಲ್ ಬ್ರೇಡ್‌ಗೆ ಕೈ ಹಾಕಿ ಸೋತೆ. ಅದು ಹೆಣೆಯುವ ಕೆಲಸ, ಇದು ತೂರಿಸುವ ಕೆಲಸ. ನನ್ನದೊಂದೇ ಮಾತು: ಮುಗಿದ ಮೇಲೆ ಕುತ್ತಿಗೆಗೆ ಮೇಣ ಸವರಿದ ದಾರದಲ್ಲಿ ಆರಪಾರ ನಾಲ್ಕು ಹೊಲಿಗೆ ಹಾಕಿ. ಹಗ್ಗದ ಮೇಲೆ ಭಾರ ಇಲ್ಲದಾಗ ಬಡಿದಾಡಿ ಸಡಿಲವಾಗುವುದು ತಪ್ಪುತ್ತದೆ.

ಉತ್ತರ 3:
ಹೊಸ ಹಗ್ಗ ಅಂದಿದ್ದೀರಿ, ಒಳ್ಳೆಯದು. ಉಪ್ಪು ಕುಡಿದು ಸೆಟೆದುಕೊಂಡ ಹಳೆಯ ಹಗ್ಗಕ್ಕೆ ನಾನು ಈಗ ಕೈ ಹಾಕುವುದಿಲ್ಲ, ಬೋಲೈನ್ ಎಂಬ ಕುಣಿಕೆ ಗಂಟು ಹಾಕಿ ಸುಮ್ನಿರುತ್ತೇನೆ. ಗಂಟು ದಪ್ಪ, ಕಂಬದ ತುದಿಯ ರಾಟೆಗೆ ಬಡಿದು ಹಾಯಿ ಪೂರ್ತಿ ಏರುವುದಿಲ್ಲ, ಅಷ್ಟೇ.

ಕೈ ಪಳಗಬೇಕಿದ್ದರೆ ಕವರ್ ಇಲ್ಲದ, ಹನ್ನೆರಡು ಎಳೆಯ ಡೈನೀಮಾ (ಬಲು ಗಟ್ಟಿಯಾದ ಕೃತಕ ನಾರು) ಹಗ್ಗದ ತುಂಡೊಂದನ್ನು ತನ್ನಿ. ಒಳಗೆ ಟೊಳ್ಳು, ಹತ್ತು ನಿಮಿಷದ ಕೆಲಸ. ಆದರೆ ಅದು ಜಾರುಬುರುಕ ಹಗ್ಗ. ದಪ್ಪದ 72 ಪಟ್ಟು ಒಳಗೆ ಹೂಳುವುದು ವಾಡಿಕೆ, 6 ಮಿ.ಮೀ. ಹಗ್ಗಕ್ಕೆ ಸುಮಾರು 43 ಸೆಂ.ಮೀ. ಜಿಪುಣತನ ಬೇಡ.

ಕೇಳಿದವರು:
ಈಗ ಟೇಪು ಹಿಡಿದು ಅಳೆದೆ. ಗಂಟು ಬರೀ ಒಂದೂವರೆ ಅಡಿ ದೂರದಲ್ಲಿದೆ! ರಾತ್ರಿ ಊಟವಾದ ಮೇಲೆ ನಾಲ್ಕನೇ ಸಲ ಬಿಚ್ಚುತ್ತೇನೆ.