ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲಲಿಲ್ಲ, ಎಲ್‌ಎಂಎಎನ್1 ಅಂದ್ರೆ ಏನು?

ಪ್ರಶ್ನೆ (ಸೋಮವಾರಪೇಟೆಯಿಂದ): ನಮಸ್ಕಾರ ಡಾಕ್ಟ್ರೇ. ಅಕ್ಕನ ಮಗಳಿಗೆ 14 ವರ್ಷ. ಹೋದ ತಿಂಗಳು ದವಡೆ ಹಲ್ಲು ಕೀಳಿಸಿದೆವು. ಎರಡು ದಿನ ರಕ್ತ ಒಸರುತ್ತಲೇ ಇತ್ತು, ಬೆಳಗ್ಗೆ ನೋಡಿದರೆ ದಿಂಬೆಲ್ಲ ಕೆಂಪು. ಚಿಕ್ಕಂದಿನಿಂದ ಮೂಗಲ್ಲೂ ರಕ್ತ ಬರುತ್ತಿತ್ತು. ಮಳೆಗಾಲದಲ್ಲಿ ತೋಟದಲ್ಲಿ ಜಿಗಣೆ ಕಚ್ಚಿದರೆ ಗಂಟೆಗಟ್ಟಲೆ ಸೋರೋದು. ಜಿಗಣೆ ಅಂದಮೇಲೆ ಹಾಗೇ ಅಲ್ವಾ ಅಂತ ಸುಮ್ನೆ ಇದ್ದೆವು. ಈಗ ರಿಪೋರ್ಟಲ್ಲಿ ಫ್ಯಾಕ್ಟರ್ 5 ಶೇ 14, ಫ್ಯಾಕ್ಟರ್ 8 ಶೇ 17. ಎಲ್‌ಎಂಎಎನ್1 ಜೀನ್ ದೋಷ ಅಂತ ಬರೆದಿದ್ದಾರೆ. ಒಂದೇ ಮಗುವಿಗೆ ಎರಡೆರಡು ಕಾಯಿಲೆನಾ? ಅಕ್ಕನ ಮದುವೆ ಸೋದರಮಾವನ ಜೊತೆಯೇ ಆಗಿದ್ದು.

ಉತ್ತರ: ಎರಡಲ್ಲ, ಒಂದೇ. ಫ್ಯಾಕ್ಟರ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್. ಆ ಎರಡು ಫ್ಯಾಕ್ಟರ್‌ಗಳ ಜೀನ್ ಸರಿಯಾಗೇ ಇವೆ. ಪ್ರೋಟೀನ್ ಜೀವಕೋಶದೊಳಗೆ ತಯಾರಾಗುತ್ತಿದೆ, ಹೊರಗೆ ಬರುವ ದಾರಿಯಲ್ಲಿ ತೊಡಕು.

ತೋಟದಲ್ಲಿ ಕಾಫಿ ಹಣ್ಣು ಕುಯ್ದು ಚೀಲ ತುಂಬಿಟ್ಟಿದ್ದೀರಿ, ಕಣಕ್ಕೆ ಸಾಗಿಸುವ ಪಿಕಪ್ ಬರಲಿಲ್ಲ ಅಂದುಕೊಳ್ಳಿ. ಹಣ್ಣಿಗೇನೂ ಆಗಿಲ್ಲ, ಕಣ ಖಾಲಿ. ಜೀವಕೋಶದಲ್ಲಿ ಆ ಪಿಕಪ್ ಅಂದರೆ ಎಲ್‌ಎಂಎಎನ್1 ಪ್ರೋಟೀನ್. ಎಂಸಿಎಫ್‌ಡಿ2 ಅನ್ನುವ ಇನ್ನೊಂದು ಪ್ರೋಟೀನ್ ಚೀಲ ಹತ್ತಿಸುವ ಆಳು. ಯಾರು ಕೈಕೊಟ್ಟರೂ 5 ಮತ್ತು 8 ಒಟ್ಟಿಗೇ ಇಳಿಯುತ್ತವೆ. ಸ್ವಲ್ಪ ಹೇಗೋ ಹೊರಬರುತ್ತದೆ, ಅದಕ್ಕೇ ಸೊನ್ನೆಯಾಗುವುದಿಲ್ಲ. ಆರೋಗ್ಯವಂತರಲ್ಲಿ ಇರುವುದಕ್ಕೆ ಹೋಲಿಸಿದರೆ ಸಾಮಾನ್ಯವಾಗಿ ಶೇ 5ರಿಂದ 30ರ ಒಳಗಿರುತ್ತದೆ. ಈ ಕಾಯಿಲೆ 1954ರಿಂದಲೇ ಗೊತ್ತಿತ್ತು, ಎಲ್‌ಎಂಎಎನ್1 ಜೀನ್ ಸಿಕ್ಕಿದ್ದು 1998ರಲ್ಲಿ.

ಅಪ್ಪ, ಅಮ್ಮ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದರೆ ಮಾತ್ರ ಕಾಯಿಲೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಆ ಸಾಧ್ಯತೆ ಜಾಸ್ತಿ. ಇದರಲ್ಲಿ ಅಕ್ಕನ ತಪ್ಪೇನೂ ಇಲ್ಲ, ದಯವಿಟ್ಟು ಅವರಿಗೆ ಹೇಳಿ. ಜಿಗಣೆ ವಿಷಯದಲ್ಲಿ ನಿಮ್ಮದೂ ತಪ್ಪಲ್ಲ. ಅದರ ಜೊಲ್ಲಲ್ಲೇ ರಕ್ತ ಹೆಪ್ಪುಗಟ್ಟಲು ಬಿಡದ ಅಂಶ ಇದೆ, ಯಾರಿಗೆ ಕಚ್ಚಿದರೂ ಸೋರುತ್ತದೆ.

ಮರುಪ್ರಶ್ನೆ: ಮನೆ ಹತ್ತಿರದವರು ಹಿಮೋಫೀಲಿಯಾ ಥರಾನೇ, ಫ್ಯಾಕ್ಟರ್ 8 ಇಂಜೆಕ್ಷನ್ ಸಾಕು ಅಂತಾರೆ. ಹೌದಾ? ಅವಳ ತಮ್ಮನಿಗೂ ನೋಡಿಸಬೇಕಾ?

ಉತ್ತರ: ಅದೊಂದೇ ಸಾಕಾಗುವುದಿಲ್ಲ. ಸಾಮಾನ್ಯ ಹಿಮೋಫೀಲಿಯಾದಲ್ಲಿ ಫ್ಯಾಕ್ಟರ್ 8 ಮಾತ್ರ ಕಡಿಮೆ, ಇಲ್ಲಿ 5 ಕೂಡ ಕಡಿಮೆ. ಫ್ಯಾಕ್ಟರ್ 5ಕ್ಕೆ ಪ್ಲಾಸ್ಮಾನೇ (ದಾನಿಗಳ ರಕ್ತದ ದ್ರವಭಾಗ) ಕೊಡಬೇಕಾಗುತ್ತದೆ. ಇಲ್ಲೇ ಹೆಚ್ಚು ಎಡವುವುದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ತಮ್ಮನಿಗೆ ಖಂಡಿತ ಟೆಸ್ಟ್ ಮಾಡಿಸಿ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಗಂಡು ಹೆಣ್ಣು ಅಂತಿಲ್ಲ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಮುಚ್ಚಿಡದೆ ಹೇಳಲಿ, ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಇದೆ. ರಿಪೋರ್ಟಿನ ಒಂದು ಪ್ರತಿ ಸ್ಕೂಲ್ ಬ್ಯಾಗಲ್ಲಿ ಇರಲಿ. ಹತ್ತಿರದಲ್ಲಿ ಪ್ಲಾಸ್ಮಾ ಎಲ್ಲಿ ಸಿಗುತ್ತದೆ ಅಂತ ಈಗಲೇ ವಿಚಾರಿಸಿಡಿ. ಮಳೆಗೆ ರಸ್ತೆ ಕುಸಿದರೆ ಮೈಸೂರು ದೂರ.