ಬೆಟ್ಟದಲ್ಲಿ ಮಂಗ ಸತ್ತಿದೆ, ಅಮ್ಮ ದರಗು (ಉದುರಿದ ಒಣ ಎಲೆ) ತರೋದು ಬಿಡ್ತಿಲ್ಲ. ಏನು ಮಾಡಲಿ?

ತೋಟದಂಚು:
ನಮ್ಮೂರು ಸಾಗರ ತಾಲೂಕು, ಅರಳಗೋಡು ಕಡೆ. ನಾನಿರೋದು ಬೆಂಗಳೂರಲ್ಲಿ. ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ಮೊನ್ನೆ ಒಂದು ಮುಸುವ ಸತ್ತು ಬಿದ್ದಿತ್ತಂತೆ, ನಿನ್ನೆ ಇನ್ನೊಂದು. ಅಮ್ಮನಿಗೆ 63 ವರ್ಷ. ಕೊಟ್ಟಿಗೆಗೆ ಹಾಸೋಕೆ ದಿನಾ ಬೆಳಿಗ್ಗೆ ಅದೇ ಬೆಟ್ಟದಿಂದ ದರಗು ಗುಡಿಸಿ ತರ್ತಾಳೆ. ಉಣುಗು (ರಕ್ತ ಹೀರೋ ಉಣ್ಣೆ ಹುಳ) ಹತ್ತದಂತೆ ಮೈಗೆ ಹಚ್ಚೋಕೆ ಆಶಾ ಕಾರ್ಯಕರ್ತೆ ಕೊಟ್ಟುಹೋದ ಡೆಪಾ ಎಣ್ಣೆ ಬಾಟಲಿಯ ಮುಚ್ಚಳವನ್ನೂ ತೆಗೆದಿಲ್ಲ, ವಾಸನೆ ಅಂತೆ. "ನಂಗೆ ಮಂಗನ ಕಾಯಿಲೆ ಇಂಜೆಕ್ಷನ್ ಆಗಿದೆ, ಏನಾಗಲ್ಲ" ಅಂತಾಳೆ. 2019ರಲ್ಲಿ ನಮ್ಮ ಸುತ್ತಮುತ್ತ ಇದೇ ಕಾಯಿಲೆಗೆ ಜನ ಸತ್ತಿದ್ದನ್ನು ಕಣ್ಣಾರೆ ಕಂಡವಳು ಹೀಗಂದರೆ ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಆ ಲಸಿಕೆ ಈಗಲೂ ಕೆಲಸಕ್ಕೆ ಬರುತ್ತಾ? ಫೋನಲ್ಲಿ ಮಾತು ಶುರುವಾದರೆ ಜಗಳದಲ್ಲೇ ಮುಗಿಯುತ್ತೆ.

ಉಪಕೇಂದ್ರದ ಅಕ್ಕ:
ನಾನು ಆರೋಗ್ಯ ಸಹಾಯಕಿಯಾಗಿದ್ದವಳು, ಮಲೆನಾಡಿನಲ್ಲೇ 26 ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಮೊದಲು ಒಂದು ಕೆಲಸ ಮಾಡಿ, ಈಗಲೇ. ಮಂಗ ಸತ್ತ ಜಾಗವನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಿ. ಯಾರೂ ಅದನ್ನು ಮುಟ್ಟೋದು ಬೇಡ, ಹೂಳೋಕೂ ಹೋಗಬೇಡಿ. ಮಂಗ ಸತ್ತು ಮೈ ತಣ್ಣಗಾಗುತ್ತಲೇ ಅದರ ಮೈಮೇಲಿದ್ದ, ಕಚ್ಚಿ ಕಾಯಿಲೆ ಹರಡೋ ಉಣುಗು ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತವೆ. ಅದಕ್ಕೇ ಇಲಾಖೆಯವರು ಆ ಜಾಗದ ಸುತ್ತ ಉಣುಗು ಕೊಲ್ಲೋ ಮೆಲಾಥಿಯಾನ್ ಪುಡಿ ಹೊಡೆಯೋದು. ನಿಮ್ಮಮ್ಮ ಗುಡಿಸಿ ತರುತ್ತಿರೋದು ಆ ದರಗನ್ನೇ.

ಲಸಿಕೆಯ ಮಾತು. ಅದರ ಪರಿಣಾಮ ಸಾಲದು ಅಂತಲೇ 2022ರಲ್ಲಿ ಕೊಡೋದು ನಿಲ್ಲಿಸಿದ್ದು. ಕೊಡುತ್ತಿದ್ದಾಗಲೂ ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಂಡು, ಆಮೇಲೆ ವರ್ಷ ವರ್ಷ ಬೂಸ್ಟರ್ ತಗೋಬೇಕಿತ್ತು. ಹಳೇ ಇಂಜೆಕ್ಷನ್ನಿನ ಧೈರ್ಯದಲ್ಲಿ ಬೆಟ್ಟ ಹತ್ತೋದು ಬೇಡ ಅಂತ ನನ್ನ ಹೆಸರಲ್ಲೇ ಹೇಳಿ.

ಒಬ್ಬ ಹೆಂಗಸಿನ ವಿಷಯ ಹೇಳ್ತೇನೆ. ಜ್ವರ, ತಲೆ ಸಿಡಿಯೋ ನೋವು, ಸೊಂಟ ಎತ್ತೋಕಾಗದ ಮೈಕೈ ನೋವು. "ನಾನು ಕಾಡಿಗೇ ಹೋಗಿಲ್ಲ" ಅಂತ ಆಣೆ ಇಟ್ಟು ಹೇಳಿದಳು. ಮನೆಗೆ ಹೋಗಿ ನೋಡಿದೆ. ಅಂಗಳದ ಮೂಲೆಯಲ್ಲಿ ಗಂಡ ತಂದು ಸುರಿದ ದರಗಿನ ರಾಶಿ. ಆ ರಾಶಿಗೆ ಒರಗಿ ಕೂತು ಅವಳು ದಿನಾ ಅಕ್ಕಿ ಆರಿಸುತ್ತಿದ್ದಳು. ರಾಶಿಯ ಬುಡದ ಮೇಲೆ ಬಿಳಿ ಪಂಚೆ ಎಳೆದು ತಿರುಗಿಸಿದೆ. ಎಳ್ಳಿಗಿಂತ ಸಣ್ಣ ಕಂದು ಚುಕ್ಕೆಗಳು, ಕಣ್ಣಿಟ್ಟು ನೋಡಿದರೆ ನಡೆಯುತ್ತಿದ್ದವು. ಡಿಸೆಂಬರಿನಿಂದ ಮೇವರೆಗೆ ಮನುಷ್ಯರನ್ನು ಕಚ್ಚೋದು ಈ ಮರಿ ಉಣುಗುಗಳೇ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ. ಅವಳು ನಾಲ್ಕು ದಿನ ಯಾವುದೋ ಕ್ಲಿನಿಕ್ಕಿನ ನೋವಿನ ಮಾತ್ರೆ ನುಂಗಿದ್ದಳು, ಅಷ್ಟರಲ್ಲಿ ಒಸಡಲ್ಲಿ ರಕ್ತ. ಬದುಕಿದಳು, ಆದರೆ ಲೋಟ ಹಿಡಿದರೆ ಕೈ ನಡುಗೋದು ತಿಂಗಳುಗಟ್ಟಲೆ ಹೋಗಲಿಲ್ಲ.

ಹಾಗಾಗಿ ಅಮ್ಮ ಬೆಟ್ಟಕ್ಕೆ ಹೋಗದಿದ್ದರೂ, ಬೇರೆಯವರು ತಂದ ದರಗು ಅಂಗಳಕ್ಕೆ ಬಂದರೆ ಪ್ರಯೋಜನವಿಲ್ಲ. ಹೋಗಲೇಬೇಕಾಗಿ ಬಂದರೆ ಎಣ್ಣೆ ಪಾದದಿಂದ ಹಚ್ಚಲಿ. ಬೆರಳ ಸಂದಿ, ಹಿಮ್ಮಡಿ, ಮೊಣಕಾಲ ಹಿಂಭಾಗ ಬಿಡಬಾರದು. ಆಮೇಲೆ ಕೈ, ಕುತ್ತಿಗೆ. ಉದ್ದ ತೋಳು, ಕಾಲು ಮುಚ್ಚುವ ಬಟ್ಟೆ ಇರಲಿ. ಬಂದ ಕೂಡಲೇ ಬಟ್ಟೆಯನ್ನು ಬಚ್ಚಲಲ್ಲೇ ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ. ಕಂಕುಳು, ತೊಡೆಸಂದು, ಕೂದಲ ಬುಡ ಯಾರಾದರೂ ನೋಡಲಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಒರೆಯಬೇಡಿ, ಸೀಮೆಎಣ್ಣೆ ಬಿಡಬೇಡಿ.

ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರಬಹುದು. ಬಂದರೆ ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮಂಗ ಸತ್ತ ವಿಷಯ ಮೊದಲೇ ಹೇಳಿ. ರಕ್ತ ಶಿವಮೊಗ್ಗದ ಲ್ಯಾಬಿಗೆ ಹೋಗುತ್ತೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ, ಆಸ್ಪಿರಿನ್ ಅಂತೂ ಬೇಡವೇ ಬೇಡ. ಜ್ವರ ಇಳಿದ ಮೇಲೂ ಎರಡು ವಾರ ಗಮನ ಇರಲಿ. ಕೆಲವರಿಗೆ ಎರಡನೇ ಸಲ ಜ್ವರ ಮರುಕಳಿಸಿ ತಲೆಗೆ ಏರುತ್ತೆ. ಮನೆಯವರಿಗೆ ರೋಗಿಯಿಂದ ಹರಡಲ್ಲ, ಹತ್ತಿರ ಕೂತು ಆರೈಕೆ ಮಾಡೋಕೆ ಹೆದರಬೇಡಿ.

ಕೊಟ್ಟಿಗೆ ಮನೆ:
ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ಅಮ್ಮಂದಿರಿಗೆ "ಹೋಗಬೇಡ" ಅಂದರೆ ಆಗಲ್ಲ, ದನದ ಕಾಲಡಿಗೆ ಏನು ಹಾಸಲಿ ಅನ್ನೋದೇ ಅವರ ಪ್ರಶ್ನೆ. ನಮ್ಮನೆಯಲ್ಲಿ ಜನವರಿಯಿಂದ ಮಳೆ ಹಿಡಿಯೋವರೆಗೆ ಹುಲ್ಲಿನ ಚೂರು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಮಿಲ್ಲಿನ ಮರದ ಹೊಟ್ಟು ಹಾಕ್ತೇವೆ. ಗೊಬ್ಬರ ಸ್ವಲ್ಪ ತೆಳು, ಅಷ್ಟೇ. ಇನ್ನೊಂದು, ದನ ಆ ಬೆಟ್ಟಕ್ಕೆ ಮೇಯೋಕೆ ಹೋಗುತ್ತಾ? ಹೋದರೆ ಉಣುಗು ಮನೆಗೆ ತರೋದು ಅದೇ. ಪಶು ವೈದ್ಯರನ್ನು ಕೇಳಿ ಮದ್ದು ಹಾಕಿಸಿ.

ತೋಟದಂಚು:
ಅಕ್ಕ, ನಿಮ್ಮ ಬರಹವನ್ನು ಅಮ್ಮನಿಗೆ ಫೋನಲ್ಲಿ ಓದಿ ಹೇಳಿದೆ. ಅಕ್ಕಿ ಆರಿಸೋ ಹೆಂಗಸಿನ ಜಾಗಕ್ಕೆ ಬಂದಾಗ ಸುಮ್ಮನಾದಳು. ಆಮೇಲೆ "ನಮ್ಮನೆ ರಾಶಿ ಇರೋದೂ ತುಳಸಿಕಟ್ಟೆ ಪಕ್ಕದಲ್ಲೇ" ಅಂದಳು. ಆರೋಗ್ಯ ಕೇಂದ್ರದವರು ಇವತ್ತು ಬಂದು ಬೆಟ್ಟಕ್ಕೆ ಪುಡಿ ಹೊಡೆದು, ರಾಶಿಯನ್ನೂ ನೋಡಿ ಹೋಗಿದ್ದಾರೆ. ಹೊಟ್ಟಿಗೆ ಮಿಲ್ಲಿಗೆ ಹೇಳಿಯಾಗಿದೆ. ದನ ಎರಡೂ ಕೊಟ್ಟಿಗೆಯಲ್ಲೇ ಇವೆ. ಪಕ್ಕದ ಮನೆಯವರು ಮಾತ್ರ ಇವತ್ತೂ ಅದೇ ಬೆಟ್ಟದಿಂದ ಎರಡು ಹೊರೆ ತಂದರಂತೆ. ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಡ್ತಿದ್ದೇನೆ, ಅವರ ಹತ್ತಿರ ನಾನೇ ಕೂತು ಮಾತಾಡ್ತೇನೆ.